ಎರಡು ಕಾಯ್ದೆಗಳ ನಡುವೆ ಎರಡು ಎಕರೆ: ಬ್ಯಾಡಗಿ ಮೆಣಸಿನಕಾಯಿಯ ಉಳಿಕೆ ವಿಷದ ಪ್ರಕರಣ

ಕುಂದಗೋಳ ಕಡೆಯ ಎರೆಹೊಲ, ಎರಡು ಎಕರೆ. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಬ್ಯಾಡಗಿ ಕಡ್ಡಿ ಮೆಣಸಿನಕಾಯಿ, ನಡುನಡುವೆ ಹತ್ತಿಯ ಸಾಲು. ಉಳ್ಳಾಗಡ್ಡಿ ಮೊದಲು ಕಿತ್ತು ಹೋಗುತ್ತದೆ. ಮೆಣಸಿನಕಾಯಿಯನ್ನು ಡಿಸೆಂಬರಿನಿಂದ ಎರಡು ಮೂರು ಸಲ ಬಿಡಿಸುತ್ತಾರೆ. ಹತ್ತಿ ಅದರ ಪಕ್ಕದಲ್ಲೇ ಒಡೆಯುತ್ತಿರುತ್ತದೆ. ಮಳೆ ಕೈಕೊಟ್ಟರೂ ಮೂರರಲ್ಲಿ ಒಂದಾದರೂ ಉಳಿಯಲಿ ಎಂಬ ಹಳೆಯ ಲೆಕ್ಕ ಇದು. ಇಲ್ಲಿ ಹೇಳುವ ಹೊಲ ಯಾರೋ ಒಬ್ಬರದ್ದಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಬೇಸಾಯವನ್ನು ಎರಡು ಎಕರೆಗೆ ಇಳಿಸಿಕೊಂಡ ಮಾದರಿ. ಈ ಹೊಲದಿಂದ ಬ್ಯಾಡಗಿ ಮಾರುಕಟ್ಟೆಗೆ ಹೋದ ಚೀಲದಲ್ಲಿ ಮಿತಿ ಮೀರಿದ ಕೀಟನಾಶಕ ಸಿಕ್ಕಿತು ಎಂದುಕೊಳ್ಳೋಣ. ಸರ್ಕಾರದ ನಿಯಮ ಎಲ್ಲಿ ಜಾರಿತು?

ಉತ್ತರದ ಅರ್ಧ ಭಾಗ ಎರಡು ಕಾಯ್ದೆಗಳಲ್ಲಿದೆ. 1968ರ ಕೀಟನಾಶಕ ಕಾಯ್ದೆ ತಯಾರಿಕೆಯಿಂದ ಅಂಗಡಿಯವರೆಗೆ ಬಿಗಿಯಾಗಿದೆ. ಡಬ್ಬಿ ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಅದರ ಹಿಡಿತ ಸಡಿಲ. 2006ರ ಆಹಾರ ಸುರಕ್ಷತಾ ಕಾಯ್ದೆ ಪುಡಿ, ಪ್ಯಾಕೆಟ್, ವ್ಯಾಪಾರಿಯ ಗೋದಾಮಿನಿಂದ ಶುರುವಾಗುತ್ತದೆ. ಅದರ 18(3)ನೇ ಕಲಮು ರೈತನನ್ನೂ ಹೊಲದ ಮಟ್ಟದ ಬೆಳೆಯನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ರೈತನಿಗೆ ಕಿರುಕುಳ ಆಗಬಾರದು ಎಂಬ ಆ ರಿಯಾಯಿತಿ ಸರಿಯಾದದ್ದೇ. ಆದರೆ ಒಂದು ಕಾಯ್ದೆ ಮುಗಿಯುವ ಜಾಗಕ್ಕೂ ಇನ್ನೊಂದು ಹಿಡಿಯುವ ಜಾಗಕ್ಕೂ ನಡುವೆ ನಮ್ಮ ಎರಡು ಎಕರೆ ಬಿದ್ದಿದೆ.

ಎಲೆ ಮೇಲಕ್ಕೆ ಮುದುಡಿತೋ, ಕೆಳಕ್ಕೋ

ಗಿಡ ನಾಟಿಯಾಗಿ ಒಂದೂವರೆ ತಿಂಗಳಿಗೆ ಎಲೆ ಮುರುಟಲು ಶುರು. ಊರಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಮುಟುರು, ಮುರುಟು ರೋಗ. ಕಾರಣ ಮಾತ್ರ ಒಂದಲ್ಲ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳ. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿ, ಎಲೆಯ ಅಡಿ ಕಂದು ಬಣ್ಣಕ್ಕೆ ತಿರುಗಿದ್ದರೆ ಹಳದಿ ನುಸಿ. ಗಿಡವೇ ಕುಬ್ಜವಾಗಿ ಎಲೆ ಸಣ್ಣದಾಗಿ ಗುಂಪುಗಟ್ಟಿದ್ದರೆ ಬಿಳಿನೊಣ ಹರಡುವ ವೈರಸ್. ಅದಕ್ಕೆ ಯಾವ ಔಷಧವೂ ಇಲ್ಲ. ಗಿಡ ಕಿತ್ತು ಹೂಳಬೇಕು, ಅಷ್ಟೇ.

ಈ ವ್ಯತ್ಯಾಸ ಅಂಗಡಿಗೆ ಹೋಗುವ ಮೊದಲೇ ಗೊತ್ತಾಗದಿದ್ದರೆ ಮುಂದಿನ ತಪ್ಪುಗಳೆಲ್ಲ ಸಾಲಾಗಿ ಬರುತ್ತವೆ. ನುಸಿ ಕೀಟವಲ್ಲ, ಜೇಡದ ಜಾತಿ. ಥ್ರಿಪ್ಸ್‌ಗೆಂದು ತಂದ ಔಷಧ ಸಾಮಾನ್ಯವಾಗಿ ಅದನ್ನು ಕೊಲ್ಲುವುದಿಲ್ಲ, ನುಸಿಯನ್ನು ತಿನ್ನುವ ಪರಭಕ್ಷಕಗಳನ್ನು ಕೊಲ್ಲುತ್ತದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದ ಹತ್ತು ಹದಿನೈದು ದಿನಕ್ಕೆ ನುಸಿ ಮೊದಲಿಗಿಂತ ಜೋರಾಗಿ ಏಳುವುದು ಇದಕ್ಕೇ. ರೈತ ಅದನ್ನು ‘ಔಷಧ ಹಿಡೀಲಿಲ್ಲ’ ಎಂದು ಓದಿಕೊಂಡು ಇನ್ನೂ ಗಟ್ಟಿಯಾದದ್ದನ್ನು ಕೇಳುತ್ತಾನೆ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿಗೆ ಮುತ್ತಿದ ಕರಿ ಥ್ರಿಪ್ಸ್, ಅಂದರೆ ಥ್ರಿಪ್ಸ್ ಪಾರ್ವಿಸ್ಪೈನಸ್, ಇದನ್ನು ಇನ್ನಷ್ಟು ಕೆಡಿಸಿತು. ಅದು ಹೂವಿನೊಳಗೆ ಕೂರುತ್ತದೆ, ಎಲೆಯ ಮೇಲೆ ಬಿದ್ದ ಹನಿ ಅದಕ್ಕೆ ತಾಗುವುದಿಲ್ಲ. ಹೂ ಉದುರಿದ್ದನ್ನು ನೋಡಿ ಗಾಬರಿಗೊಂಡವರು ಐದು ದಿನಕ್ಕೊಮ್ಮೆ ಹೊಡೆಯತೊಡಗಿದರು. ಹುಳ ಉಳಿಯಿತು, ಜೇನು ಹೋಯಿತು.

ಗುರುತಿಸುವುದು ಕಷ್ಟದ ಕೆಲಸವಲ್ಲ. ಬಿಳಿ ಹಾಳೆಯ ಮೇಲೆ ಹೂವನ್ನು ನಾಲ್ಕು ಸಲ ಕೊಡವಿದರೆ ಥ್ರಿಪ್ಸ್ ಓಡಾಡುವುದು ಬರಿಗಣ್ಣಿಗೆ ಕಾಣುತ್ತದೆ. ನುಸಿಗೆ ಹತ್ತು ಪಟ್ಟು ತೋರಿಸುವ ಭೂತಗನ್ನಡಿ ಬೇಕು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೋ ಒಂದು ರೆಂಬೆ ಒಯ್ದರೂ ಆಗುತ್ತದೆ. ಒಯ್ಯುವವರು ಕಡಿಮೆ. ಕಾರಣ ಸರಳ: ಗೊಬ್ಬರದಂಗಡಿ ಹತ್ತಿರ ಇದೆ, ಅಲ್ಲಿ ಉದ್ರಿ ಸಿಗುತ್ತದೆ.

ಅಂಗಡಿ ಕಟ್ಟೆಯ ಮೇಲೆ

“ಸಾವಕಾರ್ರ, ಗಿಡ ಪೂರಾ ಮುರುಟ್ಯಾವ್ರಿ. ಏನರ ಗಟ್ಟಿದ್ದು ಕೊಡ್ರಿ.”

“ಹೋದ್ವಾರ ಒಯ್ದಿದ್ದು ಹಿಡೀಲಿಲ್ಲೇನು? ಹಂಗಾರ ಇವೆರಡೂ ಕೂಡಿಸಿ ಹೊಡೀರಿ. ಜೋಡಿ ಈ ಟಾನಿಕ್ ಹಾಕ್ರಿ, ಗಿಡ ಮ್ಯಾಲೇಳತೈತಿ. ರೊಕ್ಕ ಮಾಲು ಮಾರಿದಾಗ ಕೊಡ್ರೆಲ್ಲ.”

ನಿಜವಾದ ನೀತಿ ತೀರ್ಮಾನ ಆಗುವುದು ಈ ಎರಡು ಮಾತಿನ ನಡುವೆ. ಕಾಯ್ದೆಯ ಪ್ರಕಾರ ಪ್ರತಿ ಮಾರಾಟಕ್ಕೂ ಬಿಲ್ ಕೊಡಬೇಕು. 1971ರ ಕೀಟನಾಶಕ ನಿಯಮಗಳ 15ನೇ ನಿಯಮ ನಗದಿಗೂ ಉದ್ರಿಗೂ ಇದನ್ನು ಕಡ್ಡಾಯ ಮಾಡಿದೆ. ಉದ್ರಿ ವ್ಯವಹಾರ ಬರೆಯುವುದು ಕೆಂಪು ವಹಿಯಲ್ಲಿ, ಹೆಸರು ಮತ್ತು ಮೊತ್ತ ಮಾತ್ರ. ಯಾವ ಔಷಧ, ಯಾವ ಬ್ಯಾಚ್, ಯಾವ ಬೆಳೆಗೆ ಎಂಬುದು ಅಲ್ಲಿ ಇರುವುದಿಲ್ಲ. ಮಾರಾಟಗಾರರಿಗೆ ಶಿಕ್ಷಣದ ಅರ್ಹತೆ ಬೇಕು ಎಂಬ ನಿಯಮ ಬಂದ ಮೇಲೆ ಹಲವರು ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಮಾಡಿಕೊಂಡಿದ್ದಾರೆ. ತಿಳಿವಳಿಕೆ ಹೆಚ್ಚಿದೆ, ಸುಳ್ಳಲ್ಲ. ಕಮಿಷನ್ ಯಾವ ಡಬ್ಬಿಯ ಮೇಲೆ ಹೆಚ್ಚು ಎಂಬ ಲೆಕ್ಕವನ್ನು ಡಿಪ್ಲೊಮಾ ಬದಲಿಸುವುದಿಲ್ಲ.

ಲೇಬಲ್ಲಿನ ಮಾತಿಗೆ ಬರೋಣ. ಭಾರತದಲ್ಲಿ ಕೀಟನಾಶಕದ ನೋಂದಣಿ ಬೆಳೆವಾರು. ಫಿಪ್ರೋನಿಲ್ 5 ಎಸ್‌ಸಿ (ಶೇ 5ರ ದ್ರವರೂಪ) ಎಂಬುದಕ್ಕೆ ಮೆಣಸಿನಕಾಯಿಯ ಶಿಫಾರಸು ಇದೆ: ಹೆಕ್ಟೇರಿಗೆ 800ರಿಂದ 1000 ಮಿಲಿ, ಕೊನೆಯ ಸಿಂಪಡಣೆಯಿಂದ ಕೊಯ್ಲಿಗೆ 7 ದಿನ ಕಾಯಬೇಕು. ಎಕರೆಗೆ 320ರಿಂದ 400 ಮಿಲಿ, 200 ಲೀಟರ್ ನೀರು. 16 ಲೀಟರಿನ ಬೆನ್ನು ಪಂಪಿನಲ್ಲಿ ಹನ್ನೆರಡೂವರೆ ಟ್ಯಾಂಕು, ಟ್ಯಾಂಕಿಗೆ 26ರಿಂದ 32 ಮಿಲಿ. ಹೊಲದಲ್ಲಿ ಅಳತೆ ಡಬ್ಬಿಯ ಮುಚ್ಚಳದ್ದು. ಕಂಪನಿಯಿಂದ ಕಂಪನಿಗೆ ಮುಚ್ಚಳದ ಗಾತ್ರ ಬೇರೆ, ಮೇಲೆ ‘ಇನ್ನೊಂಚೂರು ಇರಲಿ’ ಎಂಬ ಕೈ. ಪ್ರೊಫೆನೊಫಾಸ್ ಎಂಬ ಇನ್ನೊಂದು ಕೀಟನಾಶಕದ ಲೇಬಲ್ಲಿನಲ್ಲಿರುವುದು ಹತ್ತಿ. ಹತ್ತಿಯ ಸಾಲಿಗೆ ಹೊಡೆದದ್ದು ಒಂದೂವರೆ ಅಡಿ ಆಚೆಯ ಮೆಣಸಿನ ಗಿಡದ ಮೇಲೂ ಬೀಳುತ್ತದೆ. ಅಂಗಡಿಯವರು ಹತ್ತಿಗೆಂದು ಮಾರಿದರು, ರೈತ ಹತ್ತಿಗೆಂದೇ ತಂದ; ಇಬ್ಬರೂ ನಿಯಮ ಮೀರಲಿಲ್ಲ. ಒಂದು ಹೊಲಕ್ಕೆ ಒಂದು ಬೆಳೆ ಎಂದುಕೊಂಡು ಬರೆದ ನೋಂದಣಿ ಪದ್ಧತಿಗೆ ಉತ್ತರ ಕರ್ನಾಟಕದ ಮಿಶ್ರ ಬೆಳೆ ಕಾಣುವುದೇ ಇಲ್ಲ.

‘ಟಾನಿಕ್’ ಇನ್ನೊಂದು ಕಿಂಡಿ. ಜೈವಿಕ ಪ್ರಚೋದಕಗಳು ಎಂಬ ಹೆಸರಿನಲ್ಲಿ ಮಾರುವ ದ್ರವಗಳು ಬಹಳ ವರ್ಷ ಯಾವ ಕಾಯ್ದೆಗೂ ಸೇರದೆ ತಿರುಗಿದವು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅವನ್ನು ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ತಂದಿತು, ಅವುಗಳಲ್ಲಿ ಕೀಟನಾಶಕ 0.01 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.01 ಭಾಗ) ಮೀರಬಾರದು ಎಂದಿತು. ಮಿತಿ ಅಷ್ಟು ಕಟ್ಟುನಿಟ್ಟಾಗಿರಲು ಕಾರಣವಿದೆ: ಸಾವಯವ ಎಂದು ಕೊಂಡ ಟಾನಿಕ್ಕಿನಲ್ಲಿ ಗುಟ್ಟಾಗಿ ರಾಸಾಯನಿಕ ಬೆರೆತಿದ್ದರೆ, ಏನನ್ನೂ ಹೊಡೆಯಲಿಲ್ಲ ಎಂದು ಆಣೆ ಮಾಡುವ ರೈತನ ಮಾಲಿನಲ್ಲೂ ಉಳಿಕೆ ಸಿಗುತ್ತದೆ, ಅವನ ಮಾತು ಸುಳ್ಳೂ ಆಗಿರುವುದಿಲ್ಲ.

ನಿಷೇಧದ ಪಟ್ಟಿ ಮತ್ತು ಅದರ ವೇಗ

2013ರಲ್ಲಿ ಕೇಂದ್ರ ನೇಮಿಸಿದ ಅನುಪಮ್ ವರ್ಮಾ ಸಮಿತಿ, ಬೇರೆ ದೇಶಗಳಲ್ಲಿ ನಿಷೇಧ ಅಥವಾ ನಿರ್ಬಂಧವಾಗಿಯೂ ಇಲ್ಲಿ ಬಳಕೆಯಲ್ಲಿದ್ದ 66 ಕೀಟನಾಶಕಗಳನ್ನು ಪರಿಶೀಲಿಸಿತು. 2018ರ ಆಗಸ್ಟಿನ ಆದೇಶದಲ್ಲಿ 18 ನಿಂತವು: 12 ತಕ್ಷಣ, ಉಳಿದ 6 2020ರ ಡಿಸೆಂಬರ್ 31ರ ನಂತರ. ಈ ಆರರಲ್ಲಿ ಟ್ರೈಅಜೋಫಾಸ್, ಫೋರೇಟ್, ಡೈಕ್ಲೋರ್‌ವಾಸ್ ಇದ್ದವು. ಮಾನೋಕ್ರೋಟೋಫಾಸ್ ತರಕಾರಿಗೆ ಬೇಡ ಎಂದು 2005ರಲ್ಲೇ ಹೇಳಲಾಗಿತ್ತು. ಆದರೆ ಹತ್ತಿಗೆ ಇತ್ತು. ಹತ್ತಿಗೆ ಇದ್ದ ಮೇಲೆ ಅಂಗಡಿಯಲ್ಲೂ ಇತ್ತು. 2023ರಲ್ಲಿ ಅದರ 36 ಎಸ್‌ಎಲ್ (ಶೇ 36ರ ದ್ರಾವಣ) ರೂಪವನ್ನು ನಿಲ್ಲಿಸಿ, ಇದ್ದ ದಾಸ್ತಾನು ಮುಗಿಸಲು ಗಡುವು ಕೊಟ್ಟರು. ಅದೇ ಆದೇಶದಲ್ಲಿ ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್ ಹೋದವು. ಡೈಕೋಫಾಲ್ ಈ ಸೀಮೆಯಲ್ಲಿ ನುಸಿಗೆ ಮನೆಮಾತಾಗಿದ್ದ ಔಷಧ.

ಗಡುವು ಕೊಡುವುದರಲ್ಲಿ ಒಂದು ಅಪಾಯ ಅಡಗಿದೆ. ನಿಲ್ಲುತ್ತದೆ ಎಂದು ಗೊತ್ತಾದ ಮಾಲು ಅಗ್ಗವಾಗುತ್ತದೆ, ಅಗ್ಗವಾದದ್ದು ಉದ್ರಿ ಗಿರಾಕಿಯ ಚೀಲಕ್ಕೆ ಬೀಳುತ್ತದೆ, ಗಡುವಿನ ನಂತರವೂ ಅಟ್ಟದ ಮೇಲೆ ಉಳಿಯುತ್ತದೆ. ದಾಸ್ತಾನನ್ನು ಕಂಪನಿಯೇ ವಾಪಸ್ ಪಡೆಯಬೇಕು, ಮಾರಿ ಮುಗಿಸಬಾರದು ಎಂದು ಆದೇಶದಲ್ಲೇ ಬರೆದಿದ್ದರೆ ಈ ದಾರಿ ಮುಚ್ಚುತ್ತಿತ್ತು.

ರಾಜ್ಯ ಸರ್ಕಾರ ತಾನೇ ನಿಷೇಧಿಸಬಾರದೇ ಎಂದು ಕೇಳುವವರುಂಟು. ಕಾಯ್ದೆಯ 27ನೇ ಕಲಮು ರಾಜ್ಯಕ್ಕೆ ಕೊಟ್ಟಿರುವುದು 60 ದಿನ. ತನಿಖೆ ಮುಗಿಯದಿದ್ದರೆ ಇನ್ನು 30. ಕಾಯಂ ನಿಷೇಧ ಕೇಂದ್ರದ ಕೈಯಲ್ಲಿ. ಕರ್ನಾಟಕ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದ್ದು ಈ 60 ದಿನದ ಅಧಿಕಾರದಿಂದಲೇ. ಅದು ದೇಶಕ್ಕೆಲ್ಲ ನಿಂತದ್ದು ಅದೇ ವರ್ಷ ಮೇ 13ರ ಸುಪ್ರೀಂ ಕೋರ್ಟಿನ ಆದೇಶದಿಂದ. ಅರವತ್ತು ದಿನ ಕಡಿಮೆ ಎನಿಸಬಹುದು. ಮೆಣಸಿನಕಾಯಿ ಕಾಯಿ ಕಚ್ಚಿ ಹಣ್ಣಾಗುವ ಅವಧಿಗೆ ಲೆಕ್ಕ ಹಾಕಿ ಹೊರಡಿಸಿದರೆ ಅಷ್ಟು ಸಾಕು. ಇಂಥ ಬಳಕೆಯ ಯೋಚನೆಯೇ ಅಪರೂಪ.

ಒಣಗಿದಾಗ ಗಟ್ಟಿಯಾಗುವುದು ಬಣ್ಣ ಮಾತ್ರವಲ್ಲ

ಮೂರು ನಾಲ್ಕು ಕೆಜಿ ಹಣ್ಣು ಮೆಣಸಿನಕಾಯಿ ಒಣಗಿದರೆ ಒಂದು ಕೆಜಿ. ನೀರು ಹಾರುತ್ತದೆ, ಔಷಧದಲ್ಲಿ ಒಂದಷ್ಟು ಬಿಸಿಲಿಗೆ ಒಡೆಯುತ್ತದೆ, ಉಳಿದದ್ದು ಒಟ್ಟಾಗುತ್ತದೆ. ಗಿಡದ ಮೇಲಿನ ಹಣ್ಣಿನಲ್ಲಿ ಕೆಜಿಗೆ 0.3 ಮಿಲಿಗ್ರಾಂ ಇದ್ದದ್ದು, ಏನೂ ಒಡೆಯದಿದ್ದರೆ, ಒಣಗಿದ ಮೇಲೆ ಕೆಜಿಗೆ 1 ಮಿಲಿಗ್ರಾಂ ಆಸುಪಾಸು. ಬ್ಯಾಡಗಿ ಕಾಯಿಯ ಬೆಲೆ ಇರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೂ ಆ ವೈಶಿಷ್ಟ್ಯದ ಮೇಲೆಯೇ. ಬಣ್ಣದ ಸಾರ (ಓಲಿಯೋರೆಸಿನ್) ತೆಗೆಯುವ ಕಾರ್ಖಾನೆ ಕಾಯಿಯನ್ನು ದ್ರಾವಕದಲ್ಲಿ ನೆನೆಸುತ್ತದೆ. ಎಣ್ಣೆಯಲ್ಲಿ ಕರಗುವ ಕೀಟನಾಶಕ ಬಣ್ಣದ ಜೊತೆಗೇ ಹೊರಬಂದು ಎರಡನೇ ಸಲ ಗಟ್ಟಿಯಾಗುತ್ತದೆ. ರಫ್ತುದಾರರು ತಮ್ಮದೇ ಪಟ್ಟಿ ಹಿಡಿದು ಕಾಯಿ ಹುಡುಕುವುದು ಇದಕ್ಕೆ. ಇಲ್ಲಿ ಶಿಫಾರಸು ಇರುವ ಫಿಪ್ರೋನಿಲ್‌ಗೆ ಐರೋಪ್ಯ ಒಕ್ಕೂಟದಲ್ಲಿ ಬೆಳೆಯ ಮೇಲೆ ಅನುಮತಿ ಇಲ್ಲ. ಲೇಬಲ್ ಪಾಲಿಸಿದ ರೈತನ ಮಾಲೂ ಅಲ್ಲಿ ನಿಲ್ಲಬಹುದು.

ನಮ್ಮ ಮಿತಿಗಳೂ ನೇರವಾಗಿಲ್ಲ. ಮಿತಿ ಗೊತ್ತುಪಡಿಸದ ಕಡೆ ಸಾಮಾನ್ಯ ನಿಯಮ ಕೆಜಿಗೆ 0.01 ಮಿಲಿಗ್ರಾಂ. 2024ರ ಏಪ್ರಿಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಭಾರತದಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಸಾಂಬಾರ ಪದಾರ್ಥಗಳಲ್ಲಿ ಇದನ್ನು 0.1ಕ್ಕೆ ಏರಿಸಿತು. ಇಲ್ಲಿ ನೋಂದಣಿಯೇ ಇಲ್ಲದ್ದಕ್ಕೆ ಹತ್ತು ಪಟ್ಟು ಸಡಿಲ! ಒಣ ಮಸಾಲೆಯಲ್ಲಿ ಅಷ್ಟು ಸಣ್ಣ ಪ್ರಮಾಣ ಅಳೆಯುವುದು ಕಷ್ಟ ಎಂಬುದು ಪ್ರಯೋಗಾಲಯದವರ ಅಳಲು, ಅದರಲ್ಲಿ ನಿಜವೂ ಇದೆ. ಮೆಣಸಿನಪುಡಿಯ ಬಣ್ಣ ಮತ್ತು ಖಾರದ ಅಂಶ ಯಂತ್ರಕ್ಕೆ ಗೊಂದಲ ಹುಟ್ಟಿಸುತ್ತವೆ. ಅದಕ್ಕೇ ತರಕಾರಿಯಾದರೆ 10 ಗ್ರಾಂ ತೆಗೆದುಕೊಳ್ಳುವವರು ಇಲ್ಲಿ 2 ಗ್ರಾಂ ಪುಡಿಯನ್ನು 10 ಮಿಲಿ ನೀರಲ್ಲಿ ನೆನೆಸಿ ಶುರುಮಾಡುತ್ತಾರೆ. ಅಳೆಯುವುದು ಕಷ್ಟ ಎಂದು ತಿನ್ನುವ ಮಿತಿಯನ್ನು ಏರಿಸುವುದು ಮಾತ್ರ ತಕ್ಕಡಿಗೆ ತಕ್ಕಂತೆ ಮಾಲು ಬದಲಿಸಿದ ಹಾಗೆ.

ಟೆಂಡರ್ ದಿನ

ಬ್ಯಾಡಗಿಯಲ್ಲಿ ಟೆಂಡರ್ ಸೋಮವಾರ ಮತ್ತು ಗುರುವಾರ. ಚೀಲ ದಲಾಲರ ಅಂಗಡಿ ಮುಂದೆ ಬಾಯಿ ಬಿಚ್ಚಿ ನಿಲ್ಲುತ್ತದೆ, ಪ್ರತಿ ರಾಶಿಗೆ ಲಾಟ್ ನಂಬರು. ಖರೀದಿದಾರ ಕೈ ಹಾಕಿ ಬಣ್ಣ, ಸುಕ್ಕು, ತೇವ, ಬಿಳಿಗಾಯಿ ನೋಡುತ್ತಾನೆ, ದರ ಬರೆಯುತ್ತಾನೆ, ಅದೇ ದಿನ ಘೋಷಣೆ. ಪ್ರಯೋಗಾಲಯದ ವರದಿಗೆ ದಿನಗಳು ಬೇಕು. ಹಾಗಾಗಿ ಉಳಿಕೆ ವಿಷಕ್ಕೆ ಈ ಅಂಗಳದಲ್ಲಿ ಬೆಲೆಯೇ ಇಲ್ಲ: ಹನ್ನೆರಡು ಸಲ ಹೊಡೆದವನಿಗೂ ನಾಲ್ಕು ಸಲ ಹೊಡೆದವನಿಗೂ ಒಂದೇ ದರ, ಬಣ್ಣ ಒಂದೇ ಇದ್ದರೆ. ಸಂಜೆಗೆ ಹತ್ತಾರು ಲಾಟುಗಳು ಒಂದೇ ಗೋದಾಮಿನಲ್ಲಿ ಬೆರೆಯುತ್ತವೆ, ಅಲ್ಲಿಂದ ಶೀತಲಗೃಹಕ್ಕೆ. ಮೂರು ತಿಂಗಳ ನಂತರ ಪುಡಿಯ ಪ್ಯಾಕೆಟ್ಟಿನಲ್ಲಿ ಆಹಾರ ಸುರಕ್ಷತಾ ಅಧಿಕಾರಿಗೆ ಏನು ಸಿಕ್ಕರೂ ಹಿಂದಕ್ಕೆ ಹೋಗುವ ಹೆಜ್ಜೆ ಗುರುತು ಅಳಿಸಿರುತ್ತದೆ. ಕೇಂದ್ರ ಸರ್ಕಾರ 2005-06ರಿಂದ ಉಳಿಕೆಯ ರಾಷ್ಟ್ರೀಯ ಸಮೀಕ್ಷೆ ನಡೆಸುತ್ತಿದೆ. ಅದು ಜ್ವರದ ಅಳತೆ ಹೇಳುತ್ತದೆ, ಜ್ವರ ಯಾವ ಮನೆಯದ್ದು ಎಂದು ಹೇಳುವುದಿಲ್ಲ.

ಇನ್ನೊಂದು ಅಪಾಯ ಔಷಧದ್ದಲ್ಲ, ಬೂಷ್ಟಿನದ್ದು. ತೂಕ ಬರಲಿ, ಕಾಯಿ ಮುರಿಯದಿರಲಿ ಎಂದು ಚೀಲ ತುಂಬುವ ಮೊದಲು ನೀರು ಚಿಮುಕಿಸುವ ರೂಢಿ ಇದೆ. ತೇವ ಶೇ 10–11 ಮೀರಿದ ಕಾಯಿಯನ್ನು ಒತ್ತಿ ತುಂಬಿದರೆ ಬೂಷ್ಟು ಹುಟ್ಟಿಸುವ ವಿಷ, ಅಫ್ಲಾಟಾಕ್ಸಿನ್. ಭಾರತದಲ್ಲಿ ಮಸಾಲೆಗೆ ಒಟ್ಟು ಮಿತಿ ಕೆಜಿಗೆ 30 ಮೈಕ್ರೋಗ್ರಾಂ, ಐರೋಪ್ಯ ಒಕ್ಕೂಟದಲ್ಲಿ 10. ಕಣದ ಮಣ್ಣಿನ ಬದಲು ತಾಡಪತ್ರಿಯ ಮೇಲೆ ತೆಳುವಾಗಿ ಹರವಿ, ರಾತ್ರಿ ಇಬ್ಬನಿಗೆ ಮುಚ್ಚಿ, ಬೆಳಗ್ಗೆ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಖಾಲಿ ಡಬ್ಬಿ

ಹತ್ತು ಸಿಂಪಡಣೆ, ಪ್ರತಿ ಸಲ ಮೂರು ಬಗೆ: ಎರಡು ಎಕರೆಯಿಂದ ಕಡಿಮೆಯೆಂದರೂ ಮೂವತ್ತು ಪ್ಲಾಸ್ಟಿಕ್ ಡಬ್ಬಿ, ಪೊಟ್ಟಣ. ಇವು ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ನೀರು ತುಂಬಿಕೊಂಡ ಕೃಷಿಹೊಂಡದ ಪಕ್ಕದಲ್ಲಿ ಬಿದ್ದಿರುತ್ತವೆ. 1971ರ ನಿಯಮಗಳ 44ನೇ ನಿಯಮ ಹೇಳುವುದು: ಮರುಬಳಕೆಯಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಿ. ಪ್ಲಾಸ್ಟಿಕ್ಕನ್ನು ಮಣ್ಣಿಗೆ ಹಾಕಬೇಡಿ ಎಂದು ಇವತ್ತು ಊರೆಲ್ಲ ಸಾರುವ ಸರ್ಕಾರದ ಇನ್ನೊಂದು ಕೈಯಲ್ಲಿ ಈ ಹಳೆಯ ಸಾಲು ಹಾಗೇ ಇದೆ. ಪಂಚಾಯ್ತಿಯ ಕಸದ ಗಾಡಿ ಇದನ್ನು ಮನೆಯ ಕಸದ ಜೊತೆ ಒಯ್ಯಬಾರದು. ಬೇರೆಯಾಗಿ ಒಯ್ಯಲು ಜಾಗ ಇಲ್ಲ. ಗುಜರಿಯವನು ಒಯ್ಯುತ್ತಾನೆ, ಡಬ್ಬಿ ಮತ್ತೆ ಬಳಕೆಗೆ ಬರುತ್ತದೆ ಎಂಬುದೇ ಭಯ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮಾನೋಕ್ರೋಟೋಫಾಸ್.

ಮೂರು ಸಲ ತೊಳೆಯುವ ಕ್ರಮ ಸುಲಭ, ಖರ್ಚಿಲ್ಲದ್ದು. ಡಬ್ಬಿ ಖಾಲಿಯಾದ ಮೇಲೆ ಅರ್ಧ ನಿಮಿಷ ಬಗ್ಗಿಸಿ ಹಿಡಿಯಬೇಕು. ಕಾಲು ಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಬೇಕು. ಹೀಗೆ ಮೂರು ಸಲ. ಆಮೇಲೆ ತಳಕ್ಕೆ ಮೊಳೆ ಹೊಡೆಯಬೇಕು. ತಪ್ಪುವುದು ಎರಡು ಕಡೆ: ಸಿಂಪಡಣೆ ಮುಗಿದ ಮೇಲೆ ತೊಳೆದರೆ ಆ ನೀರು ಹಳ್ಳಕ್ಕೆ ಹೋಗುತ್ತದೆ, ಆದ್ದರಿಂದ ಟ್ಯಾಂಕು ತುಂಬುವಾಗಲೇ ತೊಳೆಯಬೇಕು. ಒಣಗಿದ ಡಬ್ಬಿಯನ್ನು ಮರುದಿನ ತೊಳೆದರೆ ಗೋಡೆಗೆ ಅಂಟಿದ್ದು ಬಿಡುವುದಿಲ್ಲ. ತೊಳೆದ ಡಬ್ಬಿಯನ್ನು ವಾಪಸ್ ಪಡೆಯಲು ಠೇವಣಿ ಪದ್ಧತಿ ಒಂದೇ ದಾರಿ: ಕೊಳ್ಳುವಾಗ ಡಬ್ಬಿಗೆ ಹತ್ತು ರೂಪಾಯಿ ಹೆಚ್ಚು, ಮೊಳೆ ಹೊಡೆದ ಡಬ್ಬಿ ತಂದಾಗ ವಾಪಸ್. ಸೋಡಾ ಬಾಟ್ಲಿಗೆ ಒಂದು ಕಾಲದಲ್ಲಿ ಊರೂರಲ್ಲಿ ನಡೆಯುತ್ತಿದ್ದ ವ್ಯವಹಾರವೇ ಇದು.

ಪಂಪು ಹೊತ್ತವರು, ಬಿಡಿಸುವವರು

ವಿಷ ಮೈಗೇರುವುದು ಸಿಂಪಡಿಸುವಾಗ ಮಾತ್ರವಲ್ಲ, ಗಟ್ಟಿ ದ್ರಾವಣವನ್ನು ಕೈಯಲ್ಲಿ ಕಲಸುವಾಗಲೂ. ನೈಟ್ರೈಲ್ ಕೈಗವಸು, ಕೋಲು, ಮುಚ್ಚಳದ ಬದಲು ಅಳತೆ ಬಟ್ಟಲು ಈ ಮೂರಕ್ಕೆ ಮೊದಲ ಆದ್ಯತೆ. ಮುಂದಕ್ಕೆ ನಡೆಯುತ್ತ ಹೊಡೆದರೆ ತೊಡೆಯವರೆಗೆ ಬಟ್ಟೆ ತೊಯ್ಯುತ್ತದೆ, ಗಾಳಿಗೆ ಅಡ್ಡವಾಗಿ ನಡೆಯಬೇಕು. ಡಬ್ಬಿಯ ಮೇಲಿನ ತ್ರಿಕೋನ ಕೆಂಪಿದ್ದರೆ ಇಲಿಯ ಬಾಯಿ ಮೂಲಕದ ಮಾರಕ ಪ್ರಮಾಣ ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೆ. ಹಳದಿ 500ರವರೆಗೆ, ನೀಲಿ 5000ದವರೆಗೆ, ಹಸಿರು ಅದರ ಮೇಲೆ. ಮರುದಿನ ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ಯಾವ ಡಬ್ಬಿ ತೆರೆದಿತ್ತು ಎಂದು ಹೇಳುವವರಿಲ್ಲ. ಹಸಿ ಕಾಯಿ ಹಿಡಿದ ಕೈಯಲ್ಲೇ ರೊಟ್ಟಿ ಬಿಚ್ಚುತ್ತಾರೆ. ಬೆವರು, ಜೊಲ್ಲು, ಕಣ್ಣಿನ ಪಾಪೆ ಸಣ್ಣದಾಗುವುದು ಕಂಡರೆ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಬೇಕು, ವೈದ್ಯರು ಮೊದಲು ಕೇಳುವುದು ಅದನ್ನೇ. ವಿಷಪ್ರಾಶನದ ಪ್ರಕರಣಗಳನ್ನು ವರದಿ ಮಾಡಲೇಬೇಕು ಎಂದು ಆಜ್ಞೆ ಹೊರಡಿಸುವ ಅಧಿಕಾರ 26ನೇ ಕಲಮಿನಲ್ಲಿ ರಾಜ್ಯಕ್ಕೆ ಇದೆ. ಯಾವ ಡಬ್ಬಿ ಎಷ್ಟು ಜನರನ್ನು ಹಾಸಿಗೆಗೆ ಕೆಡವಿತು ಎಂಬ ತಾಲ್ಲೂಕುವಾರು ಲೆಕ್ಕ ಇಲ್ಲದೆ 60 ದಿನದ ನಿಷೇಧಕ್ಕೂ ಆಧಾರ ಇರುವುದಿಲ್ಲ.

ಕೊಂಡಿ ಎಲ್ಲಿ ಹಾಕಬಹುದು

ಅಂಗಡಿ ಕೃಷಿ ಇಲಾಖೆಗೆ, ಬೆಳೆ ತೋಟಗಾರಿಕೆಗೆ, ಮಾರುಕಟ್ಟೆ ಎಪಿಎಂಸಿಗೆ, ಪುಡಿ ಆರೋಗ್ಯ ಇಲಾಖೆಗೆ, ಡಬ್ಬಿ ಪಂಚಾಯ್ತಿಗೆ. ಐದನ್ನೂ ಒಂದುಗೂಡಿಸುವ ಹೊಸ ಪ್ರಾಧಿಕಾರ ಬೇಕು ಎನ್ನುವ ವಾದದಲ್ಲಿ ಹುರುಳು ಕಡಿಮೆ. ಆರನೆಯದೊಂದು ಸೇರುತ್ತದೆ, ಅಷ್ಟೆ. ಕೊಂಡಿ ಹಾಕಲು ಈಗಾಗಲೇ ಇರುವ ಎರಡು ಕಾಗದ ಸಾಕು: ಅಂಗಡಿಯ ಬಿಲ್ಲು, ಟೆಂಡರಿನ ಲಾಟ್ ಚೀಟಿ.

ಬಿಲ್ಲಿನಲ್ಲಿ ಬೆಳೆಯ ಹೆಸರು ಮತ್ತು ಕೊಯ್ಲಿಗೆ ಕಾಯಬೇಕಾದ ದಿನ ಅಚ್ಚಾಗಬೇಕು. ‘ಹತ್ತಿ + ಮೆಣಸಿನಕಾಯಿ’ ಎಂದು ಬರೆದರೆ ಎರಡಕ್ಕೂ ಶಿಫಾರಸು ಇರುವ ಔಷಧ ಮಾತ್ರ ಮಾರಲು ಅವಕಾಶ. ಟೆಂಡರಿಗೆ ಬಂದ ಲಾಟಿನಿಂದ ಚೀಲದ ಮೇಲೆ, ನಡು, ತಳದಿಂದ ಒಟ್ಟು ಒಂದು ಕೆಜಿ ತೆಗೆದು, ಅರ್ಧ ಕೆಜಿ ಸೀಲ್ ಮಾಡಿ ಎಪಿಎಂಸಿಯಲ್ಲೇ ಇಟ್ಟುಕೊಳ್ಳಬೇಕು. ಎಲ್ಲ ಲಾಟನ್ನೂ ಪರೀಕ್ಷಿಸುವ ಹಣ ಯಾರಲ್ಲೂ ಇಲ್ಲ, ಆದ್ದರಿಂದ ಕೂಡಿಸಿ ಪರೀಕ್ಷೆ. ಇಲ್ಲಿ ಲೆಕ್ಕ ತಪ್ಪಿದರೆ ಪರೀಕ್ಷೆಯೇ ಮೋಸ. ಹತ್ತು ಲಾಟು ಬೆರೆಸಿದಾಗ ಒಂದರಲ್ಲಿ ಕೆಜಿಗೆ 0.5 ಮಿಲಿಗ್ರಾಂ ಇದ್ದು ಉಳಿದವು ಸ್ವಚ್ಛವಿದ್ದರೆ ಯಂತ್ರ ತೋರಿಸುವುದು 0.05, ಮಿತಿ 0.1 ಎಂದಿಟ್ಟರೆ ಪಾಸು. ಐದಕ್ಕಿಂತ ಹೆಚ್ಚು ಬೆರೆಸಬಾರದು, ಬೆರೆಸಿದ ಮಾದರಿಗೆ ಮಿತಿಯನ್ನು ಐದರಿಂದ ಭಾಗಿಸಿ 0.02ಕ್ಕೆ ಎಚ್ಚರಿಕೆ ಇಡಬೇಕು. ಎಚ್ಚರಿಕೆ ಬಂದರೆ ಮಾತ್ರ ಸೀಲ್ ಮಾಡಿಟ್ಟ ಐದನ್ನೂ ಒಂದೊಂದಾಗಿ ತೆಗೆಯುವುದು.

ಲಾಟ್ ಕೆಟ್ಟಿದ್ದು ಖಚಿತವಾದರೆ ಅಧಿಕಾರಿ ಮೊದಲು ಹೋಗಬೇಕಾದದ್ದು ರೈತನ ಮನೆಗಲ್ಲ. ರೈತ ಬಿಲ್ಲು ತೋರಿಸಿದರೆ ಅಂಗಡಿಗೆ, ಅಂಗಡಿಯ ದಾಸ್ತಾನು ಪುಸ್ತಕಕ್ಕೆ, ಅದೇ ಬ್ಯಾಚಿನ ಇನ್ನೊಂದು ಡಬ್ಬಿ ಸಿಕ್ಕರೆ ವಿಶ್ಲೇಷಕರ ಬಳಿಗೆ. ಡಬ್ಬಿಯಲ್ಲಿ ಲೇಬಲ್ಲಿನಲ್ಲಿಲ್ಲದ್ದು ಇದ್ದರೆ ಪ್ರಕರಣ ಕಂಪನಿಯ ಮೇಲೆ. ಡಬ್ಬಿ ಸರಿಯಿದ್ದು ದಿನ ಕಾಯದೆ ಬಿಡಿಸಿದ್ದರೆ ಆ ಹಂಗಾಮಿನ ಉಳಿದ ಲಾಟಿಗೆ ಪರೀಕ್ಷೆ ಕಡ್ಡಾಯ, ದಂಡ ಬೇಡ. ಬಿಲ್ಲೇ ಇಲ್ಲದಿದ್ದರೆ? ಆಗ ಉದ್ರಿ ವಹಿ ತೆರೆಸಬೇಕಾಗುತ್ತದೆ. ಅದು ತೆರೆದ ದಿನ ಗೊಬ್ಬರದಂಗಡಿಯಲ್ಲಿ ಬಿಲ್ ಪುಸ್ತಕವೂ ತಾನಾಗಿ ಮೇಜಿನ ಮೇಲೆ ಬರುತ್ತದೆ.